ಚಿಲಕದ ಮೇಲಿನ ಕಾವಲು

ಬುಧವಾರ ಬೆಳಿಗ್ಗೆ ನಮ್ಮೂರಿನಲ್ಲಿ ಯಾರೂ ಒಲೆಯ ಮೇಲೆ ಎಣ್ಣೆಯ ಬಾಣಲೆ ಇಡುವುದಿಲ್ಲ. ಕ್ಷೌರದಂಗಡಿ ತೆರೆಯುವುದು ಮಧ್ಯಾಹ್ನದ ಮೇಲೆಯೇ. ಅಂದು ಹೆಜ್ಜೆಯ ದಿನ. ಉಳಿದ ಆರು ದಿನ ತಾನಾಗಿ ಓಡುವ ಊರು ಅಂದು ನಾನು ಗುಂಡಿ ಒತ್ತಿದಷ್ಟೇ ಮುಂದೆ ಹೋಗಿ ನಿಲ್ಲುತ್ತದೆ. ನಿಂತಾಗ ಎಲ್ಲವೂ ನಿಲ್ಲುತ್ತದೆ: ನಲ್ಲಿಯ ನೀರು, ಹಾರುವ ಕಾಗೆ, ಅರ್ಧ ಬಾಯಿಗೆ ಬಂದ ಬೈಗುಳ. ನಿಂತವರಿಗೆ ಏನೂ ತಿಳಿಯುವುದಿಲ್ಲ, ಕಣ್ಣು ಮಿಟುಕಿಸಿದಷ್ಟೂ ಅನ್ನಿಸುವುದಿಲ್ಲ. ಆದರೆ ಮತ್ತೆ ಹೊರಟಾಗ ಕಾದ ಎಣ್ಣೆ ಮನುಷ್ಯನ ಕೈಗಿಂತ ಒಂದು ಕ್ಷಣ ಮೊದಲು ಎಚ್ಚರಗೊಳ್ಳುತ್ತದೆ. ಕ್ಷೌರದ ಕತ್ತಿಯೂ ಅಷ್ಟೇ. ಎರಡು ಮೂರು ಕಿವಿಗಳಿಗೆ ಗಾಯವಾದ ಮೇಲೆ ಜನ ಈ ಪದ್ಧತಿ ಮಾಡಿಕೊಂಡರು.

ನಮ್ಮೂರಿನ ದಿನಚರಿಯೆಲ್ಲ, ಕಂಪ್ಯೂಟರಿಗೆ ಬರೆದ ಹಾಗೆ, ಕೋಡಿನಲ್ಲಿದೆ. ಹಾಲಿನ ವ್ಯಾನು ಬರುವುದು ಒಂದು ಸಾಲು, ಶಾಲೆಯ ಗಂಟೆ ಒಂದು ಸಾಲು, ಕುಂಬಾರರ ಬೀದಿಯ ಬೆಳಗು ಒಂದು ಸಾಲು. ಸಾಲಿನೊಳಗೆ ಜನ ತಮ್ಮ ಪಾಡಿಗೆ ತಾವು ಇರುತ್ತಾರೆ, ಬೇಕಾದದ್ದು ಮಾಡುತ್ತಾರೆ. ಕೋಡನ್ನು ಬರೆದವರು ಯಾರು ಎಂದು ಕೇಳಬೇಡಿ. ನಮಗೂ ಗೊತ್ತಿಲ್ಲ, ಅದು ಗೊತ್ತಿಲ್ಲವೆಂದು ಯಾರ ಊಟವೂ ನಿಂತಿಲ್ಲ. ಅಂಚೆ ಕಚೇರಿಯ ಪಕ್ಕದ ಹೆಂಚಿನ ಕಟ್ಟಡಕ್ಕೆ ಹೆಜ್ಜೆಮನೆ ಎಂದು ಹೆಸರು. ಅಲ್ಲಿ ಡಿಬಗರ್ ಇದೆ, ಕೋಡನ್ನು ನಿಲ್ಲಿಸಿ ನಿಲ್ಲಿಸಿ ತಪ್ಪು ಹುಡುಕುವ ಯಂತ್ರ, ಹೊಲಿಗೆ ಯಂತ್ರಕ್ಕಿಂತ ಸ್ವಲ್ಪ ದೊಡ್ಡದು. ಅದರ ಮುಂದಿನ ಕುರ್ಚಿಯಲ್ಲಿ ಹದಿನೇಳು ವರ್ಷದಿಂದ ಕೂತಿರುವವಳು ನಾನು, ಕೋಮಲಾ, ಪರೀಕ್ಷಕಿ.

ನಾನು ಪರೀಕ್ಷಿಸುವುದು ಕಾವಲುಗಳನ್ನು. ಯಂತ್ರದ ಮೈಮೇಲೆ ವಾಚ್‌ಪಾಯಿಂಟ್ ಎಂದು ಬರೆದಿದೆ, ಊರಿನವರಿಗೆ ಅದು ಕಾವಲು. ಒಂದು ವಸ್ತುವಿನ ಮೇಲೆ ಕಾವಲು ಇಟ್ಟರೆ, ಆ ವಸ್ತು ಬದಲಾದ ಕ್ಷಣ ಇಡೀ ಊರು ನಿಂತುಬಿಡುತ್ತದೆ. ಓಡಾಡುವುದು ಇಬ್ಬರೇ, ಕಾವಲು ಇಟ್ಟವರು ಮತ್ತು ನಾನು. ಅವರು ಹೋಗಿ ನೋಡಬೇಕಾದದ್ದು ನೋಡಿ, ಮಾಡಬೇಕಾದದ್ದು ಮಾಡಿದ ಮೇಲೆ ನಾನು ‘ನಡೆಸು’ ಗುಂಡಿ ಒತ್ತುತ್ತೇನೆ. ಪರೀಕ್ಷೆಗೆಂದು ನಾನಿಡುವುದನ್ನು ಬಿಟ್ಟರೆ ಯಂತ್ರಕ್ಕೆ ಹಿಡಿಯುವುದು ನಾಲ್ಕೇ ಕಾವಲು. ಒಂದು ಕೆರೆಯ ತೂಬಿನ ಮೇಲೆ, ಒಂದು ಶಾಲೆಯ ಗೋಡೆಯ ಬಿರುಕಿನ ಮೇಲೆ. ಇನ್ನೊಂದನ್ನು ಒಬ್ಬ ಮುದುಕರು ತಾವು ನೆಟ್ಟ ಸಂಪಿಗೆಯ ಮೊದಲ ಹೂವಿಗಾಗಿ ಇಟ್ಟಿದ್ದರು, ಆ ಮರ ಅವರನ್ನು ಚೆನ್ನಾಗಿಯೇ ಕಾಯಿಸುತ್ತಿತ್ತು. ನಾಲ್ಕನೆಯದು ಭಾಗೀರತಮ್ಮನದು.

ಭಾಗೀರತಮ್ಮ ಬಸ್ ನಿಲ್ದಾಣದ ಹತ್ತಿರ ನಿಪ್ಪಟ್ಟು ಮಾಡಿ ಮಾರುವವರು. ಅವರ ತಂಗಿ ಪದ್ದಕ್ಕ ಊರಿನ ಇನ್ನೊಂದು ತುದಿಯಲ್ಲಿ, ಕುಂಬಾರರ ಬೀದಿಯಲ್ಲಿದ್ದರು. ಮೊದಲು ಅಕ್ಕ ದಿನಾ ಸಂಜೆ ತಂಗಿಯ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಒಂದು ಲೋಟ ಕಾಫಿ ಕುಡಿದು, ಬೀದಿಯ ಸುದ್ದಿಯನ್ನೆಲ್ಲ ಬಿಚ್ಚಿ ಹರವಿ ಬರುತ್ತಿದ್ದರು. ಒಂದು ಸಲ ಆ ಬಾಯಿ ಎಡವಿತು. ಪದ್ದಕ್ಕನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆ, ಹುಡುಗಿಗೆ ಹಿಂದೊಂದು ನಿಶ್ಚಿತಾರ್ಥ ಮುರಿದುಬಿದ್ದದ್ದನ್ನು ಭಾಗೀರತಮ್ಮ ಬಾಯಿತಪ್ಪಿ ಆಡಿಬಿಟ್ಟರು. ಮದುವೆ ನಿಂತಿತು. ಹುಡುಗಿ ಬೇರೆ ಊರಿನ ಶಾಲೆಯಲ್ಲಿ ಟೀಚರ್ ಕೆಲಸ ಹಿಡಿದು ಹೊರಟುಹೋದಳು. ಪದ್ದಕ್ಕ ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, “ಇನ್ನು ನಾನಾಗಿ ಈ ಚಿಲಕ ತೆಗೆದ ದಿನ ನೀನು ಬಾ, ಅಲ್ಲೀವರೆಗೆ ಈ ಕಡೆ ತಲೆ ಹಾಕ್ಬೇಡ” ಎಂದರು. ಭಾಗೀರತಮ್ಮ ಸೀದಾ ಹೆಜ್ಜೆಮನೆಗೆ ಬಂದು ಆ ಚಿಲಕದ ಮೇಲೆ ಕಾವಲು ಇಡಿಸಿದರು. ಇದಾಗಿ ಹನ್ನೊಂದು ವರ್ಷ. ಊರಿಗೆಲ್ಲ ಗೊತ್ತಿದ್ದ ಕಾವಲು ಅದು, ಪದ್ದಕ್ಕನಿಗೂ ಗೊತ್ತಿತ್ತು.

ಪ್ರತಿ ವರ್ಷ ಕಾವಲು ಮುಂದುವರಿಸುವ ಅರ್ಜಿಗೆ ಸಹಿ ಹಾಕಲು ಬಂದಾಗ ಭಾಗೀರತಮ್ಮ ನನಗೊಂದು ಪೊಟ್ಟಣ ನಿಪ್ಪಟ್ಟು ತರುತ್ತಿದ್ದರು. “ಏನಾದ್ರೂ ಅಲುಗಾಡ್ತಾ ಕೋಮಲಾ?” ಎಂದು ಕೇಳುವರು. ಅಲುಗಾಡಿದ್ದರೆ ಅವರಿಗೇ ಮೊದಲು ಗೊತ್ತಾಗುತ್ತಿತ್ತು, ಆದರೂ ಕೇಳುವರು. “ಇಲ್ಲ ಭಾಗೀರತಮ್ಮ” ಎಂದರೆ, “ಆಗ್ಲಿ ಬಿಡು, ಅವಳ ಕೋಪ ನಿಧಾನದ್ದು” ಎನ್ನುವರು. ತಂಗಿಯ ಕೋಪವನ್ನು ಮಗುವಿನ ಜಾಣತನದ ಹಾಗೆ ಹೇಳಿಕೊಳ್ಳುವುದು ಅವರ ಅಭ್ಯಾಸ.

ಈಗ ನನ್ನ ತಪ್ಪಿನ ಮಾತು. ಹೆಜ್ಜೆ ಹಾಕುವುದರಲ್ಲಿ ಎರಡು ಬಗೆ. ಒಳಹೆಜ್ಜೆ ಎಂದರೆ ಬೀದಿಯೊಳಗೆ ಹೊಕ್ಕು, ಮನೆ ಮನೆಯಲ್ಲೂ ನಿಂತು ನಿಂತು ಹೋಗುವುದು. ಕುಂಬಾರರ ಬೀದಿಗೇ ನಲವತ್ತು ಸಲ ಗುಂಡಿ ಒತ್ತಬೇಕು. ದಾಟುಹೆಜ್ಜೆ ಎಂದರೆ ಇಡೀ ಬೀದಿಯನ್ನು ಒಂದೇ ಏಟಿಗೆ ದಾಟಿ ಆ ತುದಿಯಲ್ಲಿ ನಿಲ್ಲುವುದು. ಮೊದಮೊದಲು ನಾನು ಎಲ್ಲ ಕಡೆ ಒಳಹೆಜ್ಜೆಯನ್ನೇ ಹಾಕುತ್ತಿದ್ದೆ. ಬುಧವಾರದ ಅನ್ನ ಸಂಜೆ ನಾಲ್ಕಕ್ಕೆ ಬೇಯುತ್ತದೆ ಎಂದು ಜನ ಗೊಣಗಿದರು, ಹೆಂಗಸರು ಬಂದು ಕಿಟಕಿಯಲ್ಲಿ ನಿಂತು ನನ್ನ ಮುಖಕ್ಕೇ ಹೇಳಿದರು. ನನಗೂ ಬೆರಳು ನೋಯುತ್ತಿತ್ತು. ಏನೂ ನಡೆಯದ ಬೀದಿಗಳನ್ನು ದಾಟುಹೆಜ್ಜೆಯಲ್ಲಿ ಮುಗಿಸತೊಡಗಿದೆ.

ನಾಲ್ಕು ವರ್ಷದ ಹಿಂದೆ ಯಂತ್ರದ ಒಳಭಾಗವನ್ನು ಬದಲಾಯಿಸಿದಾಗ ಕಾವಲುಗಳ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಯಿತು. ಒಂದು ಹಿತ್ತಾಳೆ ಲೋಟದ ಮೇಲೆ ಕಾವಲು ಇಟ್ಟೆ. ಊರು ಓಡುವಾಗ ಲೋಟ ಕವುಚಿದರೆ ತಕ್ಷಣ ನಿಂತಿತು. ಒಳಹೆಜ್ಜೆಯಲ್ಲೂ ನಿಂತಿತು. ದಾಟುಹೆಜ್ಜೆಯಲ್ಲಿ ಕವುಚಿಟ್ಟರೆ, ಹೆಜ್ಜೆ ಮುಗಿದ ಮೇಲೆ ನಿಧಾನವಾಗಿಯಾದರೂ ಹೇಳಿತು. ಕೊನೆಗೆ ನನಗೇ ಒಂದು ಕಿತಾಪತಿ ಹೊಳೆಯಿತು. ಒಂದೇ ದಾಟುಹೆಜ್ಜೆಯೊಳಗೆ ಲೋಟವನ್ನು ಕವುಚಿ ಮತ್ತೆ ನೆಟ್ಟಗೆ ಇಡಲು ಪಕ್ಕದ ಅಂಚೆಯವರಿಗೆ ಹೇಳಿದೆ. ಯಂತ್ರದಿಂದ ಚೀಟಿ ಬಂತು: ಹೆಜ್ಜೆ ಮುಗಿಯಿತು, ಬದಲಾವಣೆ ಇಲ್ಲ.

ಅದು ಹೆಜ್ಜೆಯ ಮೊದಲು ಒಂದು ಸಲ, ಕೊನೆಗೆ ಒಂದು ಸಲ ನೋಡುತ್ತಿತ್ತು, ನಡುವೆ ನೋಡುತ್ತಲೇ ಇರಲಿಲ್ಲ. ಚೀಟಿಯನ್ನು ನಮ್ಮ ಮೇಲಧಿಕಾರಿ ಗಂಗರುದ್ರಯ್ಯನವರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಲೋಟವನ್ನೇ ನೋಡಿದರು.

“ಹೆಂಗಿತ್ತೋ ಹಂಗೇ ಇದ್ಯಲ್ಲಮ್ಮ. ಇನ್ನೇನು ಬದಲಾಯ್ತು?”

“ನಡುವೆ ಬದಲಾಗಿತ್ತು ಸಾರ್.”

“ನಡುವೆ ಬದಲಾಗಿ ಸರಿ ಹೋದ್ರೆ ಅದು ಸರಿಯೇ ಅಲ್ವಾ? ನಮ್ಮನೇಲಿ ದಿನಾ ಹಂಗೇ ನಡೀತದೆ.”

ನಕ್ಕೆ. ನಗಬಾರದಿತ್ತು. ಪರೀಕ್ಷೆಯ ಕಾಗದದಲ್ಲಿ ‘ಸರಿ’ ಎಂದು ಬರೆದು ನನ್ನ ಸಹಿ ಹಾಕಿದೆ, ಅದರ ಕೆಳಗೆ ಅವರೂ ಹಾಕಿದರು. ಕೋಮಲಳ ಪರೀಕ್ಷೆ ಎಂದರೆ ಯಾರೂ ಎರಡನೆಯ ಸಲ ನೋಡಬೇಕಿಲ್ಲ ಎಂದು ಹೆಸರಿತ್ತು. ಆ ಹೆಸರು ನನಗೆ ತುಂಬ ಹಿಡಿಸಿತ್ತು.

ಈ ವರ್ಷ ಅವರೆಕಾಯಿ ಬರುವ ಕಾಲ. ಒಂದು ಬುಧವಾರ ಕುಂಬಾರರ ಬೀದಿಯ ಸಾಲು ಬಂದಾಗ ನನ್ನ ಬೆರಳು ಎಂದಿನಂತೆ ದಾಟುಹೆಜ್ಜೆಯ ಮೇಲೆ ಹೋಯಿತು. ಹನ್ನೊಂದು ವರ್ಷ ಅಲುಗದ ಚಿಲಕ, ಅದಕ್ಕೆಂದು ನಲವತ್ತು ಸಲ ಒತ್ತುವುದೇ? ಮನೆಯಲ್ಲಿ ಅವರೆಕಾಳು ನೆನೆಹಾಕಿ ಬಂದಿದ್ದೆ, ಹಿಸುಕಬೇಕಿತ್ತು. ಒಮ್ಮೆ ಒತ್ತಿದೆ. ಬೀದಿ ದಾಟಿತು. ಚೀಟಿ ಬಂತು: ಬದಲಾವಣೆ ಇಲ್ಲ. ಮಧ್ಯಾಹ್ನ ಬೇಗ ಮನೆಗೆ ಹೋಗಿ ಒಳ್ಳೆಯ ಸಾರು ಮಾಡಿದೆ. ಅದರ ರುಚಿ ಕೂಡ ನೆನಪಿದೆ ನನಗೆ.

ಮುಂದಿನ ಸೋಮವಾರ ಹೆಜ್ಜೆಮನೆಯ ಕಿಟಕಿಯಲ್ಲಿ ಪದ್ದಕ್ಕ ನಿಂತಿದ್ದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಸೀರೆ ನೀಟಾಗಿ ಉಟ್ಟಿದ್ದರು, ಕಣ್ಣುಗಳು ಮಾತ್ರ ನಿದ್ದೆಗೆಟ್ಟಿದ್ದವು.

“ಒಂದು ಮಾತು ಕೇಳ್ಬೇಕಿತ್ತು. ನಮ್ಮಕ್ಕ ಆ ಕಾವಲು ತೆಗೆಸಿದ್ದಾಳಾ?”

“ಯಾಕೆ ಪದ್ದಕ್ಕ?”

ಅವರು ಕಿಟಕಿಯ ಸರಳನ್ನು ಉಗುರಿನಿಂದ ಕೆರೆಯುತ್ತ ಹೇಳಿದರು. “ಹೋದ ಬುಧವಾರ ಹಿತ್ತಲ ಬಾಗಿಲು ತೆಗೆದಿದ್ದೆ. ಮಗಳು ಕಾಗದ ಬರೆದಿದ್ಲು. ಅಲ್ಲೇ ಒಬ್ಬ ಮೇಷ್ಟ್ರನ್ನ ಮೆಚ್ಕೊಂಡಿದಾಳೆ, ಮದುವೆ ಆಗ್ತಾಳಂತೆ. ದೊಡ್ಡಮ್ಮನಿಗೂ ಹೇಳು ಅಂತ ಬರೆದಿದ್ಲು. ಬುಧವಾರ ಆದ್ರೆ ನೀವೇ ಕೂತು ಕಾವಲು ನೋಡ್ತಿರ್ತೀರಲ್ಲ, ತಪ್ಪೋದಿಲ್ಲ ಅಂತ ಅವತ್ತೇ ತೆಗೆದೆ. ತೆಗೆದ್ರೆ ಕಣ್ಣೆದುರಿಗೇ ಇರ್ತಾಳೆ ಅಂದ್ಕೊಂಡಿದ್ದೆ. ಯಾರೂ ಇರ್ಲಿಲ್ಲ. ಒಂದಿಷ್ಟು ಹೊತ್ತು ನಿಂತೆ. ಆಮೇಲೆ ಹಾಕ್ಕೊಂಡೆ.”

ತೆಗೆದು, ಹಾಕಿಕೊಂಡಿದ್ದರು. ಒಂದೇ ದಾಟುಹೆಜ್ಜೆಯೊಳಗೆ. ನನಗೆ ಆ ಹಿತ್ತಾಳೆ ಲೋಟ ಕಣ್ಣಿಗೆ ಕಟ್ಟಿತು. ಅವರು ತೆಗೆದದ್ದು ಅಕ್ಕನಿಗೆ ಗೊತ್ತೇ ಆಗಿಲ್ಲ, ಊರು ನಿಂತೇ ಇಲ್ಲ ಎಂದು ಅಲ್ಲೇ ಹೇಳಬೇಕಿತ್ತು. ನನ್ನ ಬೆನ್ನ ಹಿಂದೆ ಗಂಗರುದ್ರಯ್ಯನವರು ಪೇಪರ್ ಮಡಿಸುವ ಸದ್ದಾಯಿತು. ಎರಡು ತಿಂಗಳಲ್ಲಿ ಅವರಿಗೆ ನಿವೃತ್ತಿ. ಆ ಕಾಗದದಲ್ಲಿ ನನ್ನ ಸಹಿಯ ಕೆಳಗೆ ಅವರ ಸಹಿ. ಇನ್ನೊಮ್ಮೆ ಪರೀಕ್ಷೆ ಮಾಡಿ, ಖಚಿತವಾದ ಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿತನಕ್ಕೆ ನಾನು ಆವತ್ತು ಕೊಟ್ಟ ಹೆಸರು ಖಚಿತ.

“ಕಾವಲು ಇದೆ ಪದ್ದಕ್ಕ, ತೆಗೆಸಿಲ್ಲ” ಎಂದೆ.

ಅದು ನಿಜ. ನಾನು ಸುಳ್ಳು ಹೇಳಲಿಲ್ಲ. ಪದ್ದಕ್ಕ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು, ಇನ್ನೇನಾದರೂ ಹೇಳುತ್ತೇನೋ ಎಂದು. “ಹಂಗಾದ್ರೆ ಸರಿ” ಎಂದು ಸೆರಗು ಎಳೆದುಕೊಂಡು ಹೊರಟರು. ಕಾವಲು ಇದ್ದೂ ಅಕ್ಕ ಬರಲಿಲ್ಲವೆಂದರೆ ಬೇಕೆಂದೇ ಬರಲಿಲ್ಲ, ಇಷ್ಟೇ ಅವರು ಅಲ್ಲಿಂದ ತೆಗೆದುಕೊಂಡು ಹೋದದ್ದು. ಕೊಟ್ಟವಳು ನಾನು.

ಆಮೇಲೆ ಮೂರು ಬುಧವಾರ ಲೋಟ ಕವುಚಿಸಿದೆ, ನೆಟ್ಟಗಿಡಿಸಿದೆ. ಕೊಡದ ಮೇಲೆ ಮಾಡಿದೆ, ಕೊಡೆಯ ಮೇಲೆ ಮಾಡಿದೆ, ಕಿಟಕಿಯ ರೆಕ್ಕೆಯ ಮೇಲೆ ಮಾಡಿದೆ. ಎಲ್ಲದಕ್ಕೂ ಒಂದೇ ಚೀಟಿ. ಮೊದಲ ದಿನವೇ ಗೊತ್ತಿದ್ದದ್ದು ಮೂರನೆಯ ವಾರಕ್ಕೂ ಅಷ್ಟೇ ಗೊತ್ತಿತ್ತು, ಹೆಚ್ಚೇನೂ ಆಗಿರಲಿಲ್ಲ. ಆ ಕಾಗದದ ‘ಸರಿ’ ಬದಲಿಸಬೇಕಾದೀತು ಎಂದು ಗಂಗರುದ್ರಯ್ಯನವರಿಗೆ ಹೇಳಿದೆ. ಅವರು ಬೈಯಲಿಲ್ಲ, “ನಾನು ಹೋದ್ಮೇಲೆ ಬದಲಾಯಿಸ್ಕೊಳಮ್ಮ” ಎಂದರು. ಶನಿವಾರ ಕುಂಬಾರರ ಬೀದಿಗೆ ಹೋಗಿ ಪದ್ದಕ್ಕನಿಗೆ ಹೇಳಿಬಿಡುವುದೆಂದು ಕೊನೆಗೂ ಗಟ್ಟಿ ಮನಸ್ಸು ಮಾಡಿದೆ.

ಆ ಶನಿವಾರ ಬೆಳಿಗ್ಗೆ ಹತ್ತಕ್ಕೆ, ನಾನು ಕೊಡೆ ಕೈಗೆತ್ತಿಕೊಳ್ಳುವಾಗ, ಯಂತ್ರ ಗಂಟೆ ಹೊಡೆಯಿತು. ಗಂಗರುದ್ರಯ್ಯನವರು ಆಕಳಿಕೆಯ ನಡುವೆ ನಿಂತುಬಿಟ್ಟರು. ಚೀಟಿ ಬಂತು: ನಾಲ್ಕನೆಯ ಕಾವಲು, ಚಿಲಕ, ಬದಲಾಗಿದೆ.

ಓಡಿದೆ. ಊರೆಲ್ಲ ನಿಂತಿತ್ತು. ಸೈಕಲ್ಲಿನವರ ಪಕ್ಕದಲ್ಲಿ, ನಲ್ಲಿಯ ಸಾಲಿನ ನಡುವೆ ದಾರಿ ಮಾಡಿಕೊಂಡು ಓಡುವಾಗ ಮುಂದೆ ಇನ್ನೊಬ್ಬರು ಓಡುತ್ತಿರುವುದು ಕಂಡಿತು. ಭಾಗೀರತಮ್ಮ. ಅರವತ್ತೆಂಟರ ಹೆಂಗಸು, ಮಂಡಿ ನೋವಿನವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಟ್ಟಿನ ಕೈ ಎರಡೂ ಮೇಲೆತ್ತಿಕೊಂಡು ಓಡುತ್ತಿದ್ದರು. ಹಿಂತಿರುಗಿ ನನ್ನನ್ನು ಕಂಡು, ಉಸಿರಿಗೆ ಒದ್ದಾಡುತ್ತಲೇ, “ತೆಗೆದ್ಲು ಕೋಮಲಾ, ತೆಗೆದ್ಲು ನೋಡು” ಎಂದರು.

ಹಿತ್ತಲಲ್ಲಿ ಬಾಗಿಲು ತೆರೆದೇ ಇತ್ತು. ತೆರೆದದ್ದಲ್ಲ, ಕಿತ್ತದ್ದು. ಚಿಲಕದ ಸಮೇತ ಬಾಗಿಲನ್ನು ಚೌಕಟ್ಟಿನಿಂದ ಕಳಚಿ ಎತ್ತುತ್ತ ಗಾರೆ ಮೇಸ್ತ್ರಿ ಬಗ್ಗಿದಲ್ಲೇ ನಿಂತಿದ್ದ. ಪಕ್ಕದಲ್ಲಿ ಇಟ್ಟಿಗೆಯ ರಾಶಿ, ಕಲಸಿದ ಗಾರೆ. ಹೊಸ್ತಿಲ ಒಳಗೆ ಪದ್ದಕ್ಕ ಕೈಕಟ್ಟಿ ನಿಂತಿದ್ದರು, ಕೆನ್ನೆಯ ಮೇಲೆ ಇಟ್ಟಿಗೆಯ ಧೂಳು. ಭಾಗೀರತಮ್ಮ ಮೊದಲು ತಂಗಿಯನ್ನು ನೋಡಿ ನಕ್ಕರು. ಆಮೇಲೆ ಗಾರೆಯನ್ನು ನೋಡಿದರು.

“ಇದ್ಯಾಕೆ ಇದು?” ಎಂದು ನನ್ನನ್ನು ಕೇಳಿದರು.

ಹೇಳಿದೆ. ಲೋಟದಿಂದ ಹಿಡಿದು ಕಿಟಕಿಯವರೆಗೆ ಎಲ್ಲ ಹೇಳಿದೆ. ಇಡೀ ಊರಿನಲ್ಲಿ ಕೇಳಿಸಿಕೊಳ್ಳುವ ಕಿವಿ ಅವರದೊಂದೇ ಇತ್ತು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಅವತ್ತು ಎಷ್ಟು ಹೊತ್ತು ನಿಂತಿದ್ಲಂತೆ?” ಎಂದು ಕೇಳಿದರು.

“ಒಂದಿಷ್ಟು ಹೊತ್ತು ಅಂದ್ರು. ಯಂತ್ರದಲ್ಲಿ ಅದು ಬಂದಿಲ್ಲ.”

ಭಾಗೀರತಮ್ಮ ತಲೆಯಾಡಿಸಿ, ತಂಗಿಯ ಕೆನ್ನೆಯ ಧೂಳನ್ನು ಒರೆಸಲು ಹೋದರು. ಕೈಯಲ್ಲಿದ್ದ ಹಿಟ್ಟು ಮೆತ್ತಿಕೊಂಡಿತು. “ಕೂದಲೆಲ್ಲ ಬೆಳ್ಳಗಾಗಿದೆ ಇವಳಿಗೆ” ಎಂದರು, ಅದೂ ತನ್ನಿಂದಲೇ ಆದದ್ದು ಎನ್ನುವ ಹಾಗೆ. ಹೊಸ್ತಿಲ ಹೊರಗೆ ಬಂದು ನಿಂತು, “ಹೋಗಿ ನಡೆಸಮ್ಮ. ನಾನಿಲ್ಲೇ ಇರ್ತೀನಿ” ಎಂದರು.

ಹೆಜ್ಜೆಮನೆಗೆ ಹೋಗಿ ಗುಂಡಿ ಒತ್ತಿ, ನಾನು ಮತ್ತೆ ಓಡಿ ಬರುವಷ್ಟರಲ್ಲಿ ಅಲ್ಲಿ ಮಾತು ಆಗಿಹೋಗಿತ್ತು. ಬಾಗಿಲಿನ ಜಾಗದಲ್ಲಿ ಗೋಡೆ ಎರಡು ವರಸೆ ಎದ್ದಿತ್ತು. ಪದ್ದಕ್ಕ ನನ್ನನ್ನು ಕಂಡು ತಣ್ಣಗೆ ಕೇಳಿದರು.

“ಯಂತ್ರ ತಪ್ಪಿತು ಅಂತಾಳೆ ಇವಳು. ಅವತ್ತು ಕಾವಲು ಇದೆ ಅಂದೋರು ನೀವೇ ಅಲ್ವಾ?”

“ನಾನೇ. ಕಾವಲು ಇತ್ತು ಪದ್ದಕ್ಕ, ಆದ್ರೆ ಅದು ನೋಡ್ಲಿಲ್ಲ. ನೋಡದ ಹಾಗೆ ಹೆಜ್ಜೆ ಹಾಕಿದ್ದು ನಾನು.”

“ಅವತ್ತು ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಗೊತ್ತಿದ್ದೂ ಸುಮ್ನೆ ಕಳಿಸಿದ್ರಿ. ಇವತ್ತು ಇವಳು ಜೊತೆಗಿದ್ದಾಳೆ ಅಂತ ಹೇಳ್ತಿದೀರಿ. ಯಾವತ್ತಿನ ನಿಮ್ಮನ್ನ ನಂಬ್ಲಿ ನಾನು?”

ಪದ್ದಕ್ಕ ಮೇಸ್ತ್ರಿಯ ಕಡೆ ತಿರುಗಿ, “ನೀವು ಕೆಲಸ ಮಾಡಿ” ಎಂದರು. ಹನ್ನೊಂದು ವರ್ಷದಲ್ಲಿ ಒಂದೇ ಸಲ ಸಡಿಲಾದ ಮನಸ್ಸನ್ನು ಅವರು ಮೂರು ವಾರ ಕೂತು ಬಿಗಿಮಾಡಿಕೊಂಡಿದ್ದರು, ನನ್ನ ಮಾತಿಗೆ ಅದು ಮತ್ತೆ ಸಡಿಲಾಗುವಂತಿರಲಿಲ್ಲ. ಆದರೆ ಒಂದು ಮಾತು. ಅವರು ಒಳಗೆ ಹೋಗಲಿಲ್ಲ. ಭಾಗೀರತಮ್ಮನೂ ಹೊರಡಲಿಲ್ಲ. ಒಬ್ಬರು ಹೊಸ್ತಿಲಿನ ಆಚೆ, ಒಬ್ಬರು ಈಚೆ, ನಡುವೆ ಮೇಸ್ತ್ರಿ ತಲೆ ಎತ್ತದೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತಿದ್ದ. ಗೋಡೆ ಸೊಂಟಕ್ಕೆ ಬಂತು, ಎದೆಗೆ ಬಂತು. ಪದ್ದಕ್ಕನ ಕೆನ್ನೆಯ ಹಿಟ್ಟು ಹಾಗೇ ಇತ್ತು, ಅವರು ಒರೆಸಿಕೊಂಡಿರಲಿಲ್ಲ.

ಗೋಡೆ ತಲೆಗಿಂತ ಮೇಲೇರಿದಾಗ ಭಾಗೀರತಮ್ಮನ ಮಂಡಿ ಸೋತು, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಮೇಸ್ತ್ರಿ ಅಟ್ಟಣೆ ಏರಿ ಮೇಲಿನ ವರಸೆಯನ್ನು ಒಂದೊಂದೇ ಇಟ್ಟಿಗೆ ಇಟ್ಟು ಮುಗಿಸುತ್ತ ಬಂದ. ಇನ್ನೊಂದೇ ಇಟ್ಟಿಗೆಯ ಜಾಗ ಉಳಿದಿತ್ತು. ಆಗ ಒಳಗಿನಿಂದ ದನಿ ಬಂತು.

“ಮೇಸ್ತ್ರಿ, ಅಕ್ಕ ಹೋದ್ಲಾ?”

ಮೇಸ್ತ್ರಿ ಬೀದಿಯ ಕಡೆ ಕಣ್ಣಾಡಿಸಿದ. ಅಟ್ಟಣೆಯ ಕೆಳಗೆ ಕೂತವರು ಅವನಿಗೆ ಕಾಣುವಂತಿರಲಿಲ್ಲ. “ಅವ್ರು ಕಾಣಾಕಿಲ್ಲ ಕಣವ್ವ” ಎಂದ. ಭಾಗೀರತಮ್ಮ ಕಣ್ಣು ಮುಚ್ಚಿ ಕೂತಿದ್ದರು, ಕೇಳಿಸಿತೋ ಇಲ್ಲವೋ. ನಾನು ಗೋಡೆಯ ಹತ್ತಿರ ಹೋಗಿ, ನನ್ನ ದನಿ ನನಗೇ ಒರಟಾಗಿ ಕೇಳುವಷ್ಟು ಜೋರಾಗಿ ಹೇಳಿದೆ.

“ಹೋಗಿಲ್ಲ ಪದ್ದಕ್ಕ. ಇಲ್ಲೇ ಕೆಳಗೆ ಕೂತಿದ್ದಾರೆ. ಮಂಡಿ ನೋವು.”

ಮೇಸ್ತ್ರಿ ಕೈಯಲ್ಲಿ ಕೊನೆಯ ಇಟ್ಟಿಗೆ ಹಿಡಿದು ಕಾಯುತ್ತಿದ್ದ, ಗಾರೆ ಒಣಗುತ್ತದೆ ಎಂದು ಗೊಣಗಿದ. ಆಮೇಲೆ ಪದ್ದಕ್ಕ ಹೇಳಿದರು.

“ಅದೊಂದು ಇಟ್ಟಿಗೆ ಬಿಟ್ಟುಬಿಡಿ. ಗಾಳಿ ಬರ್ಲಿ.”

ಗಂಗರುದ್ರಯ್ಯನವರ ನಿವೃತ್ತಿಗೆ ನಾನು ಕಾಯಲಿಲ್ಲ. ಆ ಸೋಮವಾರವೇ ಹಳೆಯ ಕಾಗದದ ‘ಸರಿ’ಯನ್ನು ಹೊಡೆದುಹಾಕಿ, ಬದಲಾಗಿ ಮೊದಲಿನಂತಾದದ್ದೂ ಬದಲಾವಣೆಯೇ, ದಾಟುಹೆಜ್ಜೆಯಲ್ಲಿ ಯಂತ್ರ ಅದನ್ನು ಕಾಣುವುದಿಲ್ಲ ಎಂದು ಬರೆದೆ. ಅವರು ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಈಗ ಬುಧವಾರ ಎಲ್ಲ ಬೀದಿಗೂ ಒಳಹೆಜ್ಜೆಯೇ. ಅನ್ನ ಮತ್ತೆ ನಾಲ್ಕಕ್ಕೆ ಬೇಯುತ್ತಿದೆ, ಜನ ಮತ್ತೆ ಗೊಣಗುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ.

ನಾಲ್ಕನೆಯ ಕಾವಲು ಖಾಲಿ ಬಿದ್ದಿದೆ. ಭಾಗೀರತಮ್ಮ ಮತ್ತೆ ಕೇಳಲಿಲ್ಲ. ಸಂಜೆ ಅಂಗಡಿ ಮುಚ್ಚಿದ ಮೇಲೆ ಅವರು ಆ ಹಿತ್ತಲಿಗೆ ಹೋಗುತ್ತಾರೆ. ಒಂದು ಕಲ್ಲಿನ ಮೇಲೆ ಹತ್ತಿ, ಗೋಡೆಯ ಆ ಒಂದು ಇಟ್ಟಿಗೆಯ ಜಾಗದಲ್ಲಿ ಎರಡು ನಿಪ್ಪಟ್ಟು ಇಟ್ಟು ಬರುತ್ತಾರೆ. ಮರುದಿನ ಅವು ಇರುವುದಿಲ್ಲ. ಪದ್ದಕ್ಕ ತೆಗೆದುಕೊಳ್ಳುತ್ತಾರೋ ಅಳಿಲು ತಿನ್ನುತ್ತದೋ ಭಾಗೀರತಮ್ಮನಿಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇದ್ದಂತಿಲ್ಲ. ಬುಧವಾರ ಕುಂಬಾರರ ಬೀದಿಯನ್ನು ನಲವತ್ತು ಸಲ ಒತ್ತಿ ದಾಟುವಾಗ ನನಗೆ ಆ ಕಿಟಕಿ ನೆನಪಾಗುತ್ತದೆ, ಪದ್ದಕ್ಕ ನನ್ನ ಮುಖ ನೋಡುತ್ತ ನಿಂತ ಆ ಸ್ವಲ್ಪ ಹೊತ್ತು ನೆನಪಾಗುತ್ತದೆ. ಅಂದು ಇನ್ನೊಂದು ಮಾತು ಆಡಿದ್ದರೆ ಅಲ್ಲಿ ಈಗಲೂ ಬಾಗಿಲು ಇರುತ್ತಿತ್ತು.